ಅಟ್ಟದ ಭೂತ ಶೀಘ್ರದಲ್ಲಿ ಬರಲಿದೆ

ಮುಂಬಯಿಯ ನಮ್ಮ ಕಾಲೇಜಿನ ಕನ್ನಡ ಸಂಘದ ಗ್ಯಾದರಿಂಗಿನಲ್ಲಿ ಹುಡುಗಿಯರಿಗೆ ಎರಡೇ ಕೆಲಸ. ಮೊದಲು ಪ್ರಾರ್ಥನೆ ಹಾಡುವುದು, ಆಮೇಲೆ ಅತಿಥಿಗಳ ಮೇಲೆ ಗುಲಾಬಿ ನೀರು ಚಿಮುಕಿಸುವುದು. ನಾಟಕವೆಲ್ಲ ಹುಡುಗರದು. ರಾಣಿಯ ಪಾತ್ರಕ್ಕೂ ಮೀಸೆ ಬೋಳಿಸಿಕೊಂಡ ಹುಡುಗನೇ ಬರುತ್ತಿದ್ದ. ಎರಡು ವರ್ಷ ನಾನು ತೆಪ್ಪಗೆ ಹಾಡಿದೆ. ಮೂರನೆಯ ವರ್ಷ ಸಂಘದ ಸಭೆಯಲ್ಲಿ ಎದ್ದು ನಿಂತು, ಈ ಸಲ ನಾಟಕ ಬೇಡ, ಪಿಕ್ಚರ್ ತೆಗೆಯೋಣ ಎಂದೆ. ಎಲ್ಲರೂ ನಕ್ಕರು. ದೆವ್ವದ ಪಿಕ್ಚರ್ ಎಂದೆ. ಇನ್ನೂ ಜೋರಾಗಿ ನಕ್ಕರು. ದೆವ್ವ ನಾನೇ ಆಗುತ್ತೇನೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ಮೇಕಪ್ಪಿನ ತ್ರಾಸ ಉಳೀತು ಬಿಡ್ರಿ" ಎಂದ. ಇವರನ್ನೆಲ್ಲ ಕುರ್ಚಿಯಿಂದ ಎಬ್ಬಿಸಿ ಚೀರಿಸದಿದ್ದರೆ ನಾನು ಧಾರವಾಡದವಳೇ ಅಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಆ ಸಭೆಯಲ್ಲಿ ನಗದವನು ಒಬ್ಬನೇ. ಮೈಸೂರಿನ ಕಡೆಯವನು, ಸಣಕಲ, ದಪ್ಪ ಕನ್ನಡಕ, ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಅವನ ಭಾವ ವಿಲಾಯತಿಯಿಂದ ಒಂದು ಪುಟ್ಟ ಸಿನಿಮಾ ಕ್ಯಾಮೆರಾ ತಂದಿದ್ದರು. ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಕೀಲಿ ಕೊಟ್ಟರೆ ಕಿರ್ ಎಂದು ಓಡುತ್ತಿತ್ತು, ಚಿತ್ರ ಮಾತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ಭಾನುವಾರದ ಮಟ್ಟಿಗೆ ಅದನ್ನು ಕೊಡಲು ಭಾವ ಒಪ್ಪಿದ್ದರು. ಕಂಡೀಶನ್ ಏನೆಂದರೆ ಇವನ ಹೊರತು ಬೇರೆ ಯಾರೂ ಅದನ್ನು ಮುಟ್ಟಕೂಡದು.

"ಆದ್ರೆ ಒಂದೇ ರೀಲು ಇರೋದು ಕಣ್ರೀ," ಎಂದ. "ಪೂರ್ತಿ ಓಡಿಸಿದ್ರೂ ನಾಲ್ಕು ನಿಮಿಷ ಆಗಲ್ಲ."

"ಅಷ್ಟರಾಗ ಏನ್ ಮಣ್ಣು ಬರತದ?"

ಅವನು ಗಂಟಲು ಸರಿಮಾಡಿಕೊಂಡ. "ಟ್ರೇಲರ್ ಬರತ್ತೆ."

ಆ ಮಾತು ಕೇಳಿ ನನಗೆ ಆದ ಸಂತೋಷವನ್ನು ಇಂದಿಗೂ ಮೈಯಲ್ಲಿ ನೆನೆಯಬಲ್ಲೆ. ಇಲ್ಲದ ಪಿಕ್ಚರಿನ ಟ್ರೇಲರ್! ಕಥೆಗೆ ತಲೆ ಬೇಡ, ಬಾಲ ಬೇಡ. ಸಂಶಯ ಯಾರ ಮೇಲೆ, ಕೊಲೆ ಯಾಕೆ, ಲಗ್ನ ಯಾರ ಜೊತೆ, ಒಂದಕ್ಕೂ ಉತ್ತರ ಕೊಡಬೇಕಾಗಿಲ್ಲ. ತೆರೆದುಕೊಳ್ಳುವ ಬಾಗಿಲು, ಮೆಟ್ಟಿಲ ಮೇಲೆ ಪಾದ, ಕತ್ತಲಿನಿಂದ ಬರುವ ಕೈ, ಕೊನೆಗೆ ಮುಖ. ಅದಾದ ಮೇಲೆ ಒಂದು ಬೋರ್ಡು: ಶೀಘ್ರದಲ್ಲಿ ಬರಲಿದೆ, ನಿರೀಕ್ಷಿಸಿರಿ. ಹೆದರಿಸುವುದಷ್ಟೇ ನಮ್ಮ ಜವಾಬ್ದಾರಿ, ಮುಂದಿನದನ್ನು ನೋಡುವವರೇ ಮನೆಗೆ ಹೋಗಿ ಯೋಚಿಸಿಕೊಳ್ಳಲಿ.

ಅಂದಿನಿಂದ ನನಗೆ ಕೆಮಿಸ್ಟ್ರಿಯೂ ಬೇಡ, ನಿದ್ದೆಯೂ ಬೇಡ. ವಡಾಲದ ನಮ್ಮ ಚಾಳಿನಲ್ಲಿ ಚೀರುವ ತಾಲೀಮು ಶುರು ಮಾಡಿದೆ. ಚಿತ್ರಕ್ಕೆ ಮಾತಿಲ್ಲವಾದ್ದರಿಂದ ಗ್ಯಾದರಿಂಗಿನ ದಿನ ಪರದೆಯ ಮರೆಯಲ್ಲಿ ನಿಂತು ಸದ್ದೆಲ್ಲ ನಾವೇ ಮಾಡಬೇಕಿತ್ತು. ಮೊದಲ ಸಲ ಚೀರಿದಾಗ ಪಕ್ಕದ ಖೋಲಿಯ ಮರಾಠಿ ಬಾಯಿ ಸೌಟು ಹಿಡಿದುಕೊಂಡೇ ಓಡಿ ಬಂದು "ಕಾಯ್ ಝಾಲಂ? ಕಾಯ್ ಝಾಲಂ?" ಎಂದು ಬಾಗಿಲು ಬಡಿದರು. ಅವ್ವ ಅವರಿಗೆ ಸಮಾಧಾನ ಹೇಳಿ ಕಳಿಸಿ, ನನ್ನ ಕಡೆ ತಿರುಗಿ, "ನಿನ್ನ ನೋಡಲಿಕ್ಕೆ ಬರೋ ವರನ ಕಡಿಯವರಿಗೂ ಇದನ್ನ ತೋರಸವಾ, ಒಂದ ಸಲಕ್ಕ ಮುಗದಹೋಗತದ" ಎಂದಳು. ಆದರೂ ಅಪ್ಪನ ಹತ್ತಿರ ನನ್ನ ಪರವಾಗಿ ವಾದಿಸಿದವಳು ಅವಳೇ. ಅವಳು ಜೊತೆಗೆ ಬರುವುದಾದರೆ ಮಾತ್ರ ಶೂಟಿಂಗಿಗೆ ಹೋಗಬಹುದು ಎಂದು ಅಪ್ಪ ತೀರ್ಪು ಕೊಟ್ಟರು. ಅವ್ವನಿಗೆ ಬೇಕಾಗಿದ್ದೂ ಅದೇ.

ಪಿಕ್ಚರಿನ ಹೆಸರಿನ ಬಗ್ಗೆ ಮಾತ್ರ ನನಗೂ ಮೈಸೂರಿನವನಿಗೂ ಜಗಳವಾಯಿತು. ನಾನು 'ಅಟ್ಟದ ದೆವ್ವ' ಎಂದೆ. ಅವನಿಗೆ ಅದು ಹಿಡಿಸಲಿಲ್ಲ. ದೆವ್ವ ಎಂದರೆ ಮಕ್ಕಳಿಗೆ ಅನ್ನ ಉಣ್ಣಿಸುವಾಗ ಹೇಳುವ ಮಾತು, ಭೂತ ಎಂದರೆ ತೂಕ ಇದೆ ಎಂದ. ಅದೂ ಅಲ್ಲದೆ ಭೂತ ಎಂದರೆ ಮರಾಠಿಯವರಿಗೂ ತಿಳಿಯುತ್ತದೆ, ಹಿಂದಿಯವರಿಗೂ ತಿಳಿಯುತ್ತದೆ, ಮುಂಬಯಿಯಲ್ಲಿ ಯಾರಿಗೆ ತಿಳಿಯುವುದಿಲ್ಲ? ನಾನು ಸೋತೆ. ರಟ್ಟಿನ ಮೇಲೆ ಅವನು ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ: ಅಟ್ಟದ ಭೂತ! ಶೀಘ್ರದಲ್ಲಿ ಬರಲಿದೆ! ನಿರೀಕ್ಷಿಸಿರಿ!

ಇನ್ನು ಅಟ್ಟ ಬೇಕಾಯಿತು. ಚಾಳಿನಲ್ಲಿ ಅಟ್ಟ ಎಲ್ಲಿಂದ ಬರಬೇಕು? ಕಾಲೇಜಿನ ಹತ್ತಿರ ನಾವು ಇಡ್ಲಿ ತಿನ್ನುತ್ತಿದ್ದ ಹೋಟೆಲಿನ ಧಣಿಗಳು ಮಂಗಳೂರಿನ ಕಡೆಯವರು. ದಹಿಸರಿನಲ್ಲಿ ಅವರದೊಂದು ಹಳೆಯ ಹೆಂಚಿನ ಮನೆ ಇತ್ತು. ಅಲ್ಲಿ ಅವರ ವಯಸ್ಸಾದ ತಾಯಿ ಇರುತ್ತಿದ್ದರು, ಹಿತ್ತಿಲಿನಲ್ಲಿ ಹೋಟೆಲಿಗೆ ಬೇಕಾದ ಬಾಳೆಲೆ ಬೆಳೆಯುತ್ತಿದ್ದರು. ಆ ಮನೆಗೆ ಅಟ್ಟವಿತ್ತು, ಅಟ್ಟಕ್ಕೆ ಮರದ ಏಣಿಮೆಟ್ಟಿಲಿತ್ತು. ಮೈಸೂರಿನವನನ್ನು ಕರೆದುಕೊಂಡು ಹೋಟೆಲಿನ ಗಲ್ಲೆಯ ಮುಂದೆ ಹೋಗಿ ನಿಂತೆ.

"ಧಣಿಗಳ, ನಿಮ್ಮ ದಹಿಸರದ ಮನಿ ಒಂದು ಭಾನುವಾರ ಬೇಕಾಗಿತ್ತರೀ. ಭೂತದ ಪಿಕ್ಚರ್ ತಗೀಬೇಕಂತ ಮಾಡೀವಿ."

ಚಿಲ್ಲರೆ ಕೊಡುತ್ತಿದ್ದ ಅವರ ಕೈ ನಿಂತಿತು. ಹೆಗಲ ಮೇಲಿನ ಬೈರಾಸು ತೆಗೆದು ಮಡಿಚಿ ಪಕ್ಕಕ್ಕಿಟ್ಟರು. "ಭೂತದ್ದಾ? ಯಾವ ಭೂತ?"

"ಅಟ್ಟದ ಭೂತ."

"ಆ ಹೆಸರಿಂದು ನಾನು ಕೇಳ್ಲಿಲ್ಲ ಮಾರಾಯ್ತಿ. ಯಾವ ಸೀಮೆದು?"

"ಇನ್ನೂ ಯಾರೂ ನೋಡಿಲ್ಲರೀ. ನಾವ ಮೊದಲ ತೋರಸವರು."

"ಅಮ್ಮನಿಗೆ ಭಾರೀ ಖುಷಿ ಆಗ್ತದೆ," ಎಂದರು. "ಆದ್ರೆ ಒಂದು. ಶುದ್ಧದಲ್ಲಿ ಬರ್ಬೇಕು. ಸ್ನಾನ ಮಾಡಿಯೇ ಬರ್ಬೇಕು."

ನಾವು ಹೊರಗೆ ಬಂದು ನಕ್ಕಿದ್ದೇ ನಕ್ಕಿದ್ದು. ಮೈಸೂರಿನವರು ಸ್ನಾನ ಮಾಡುವುದಿಲ್ಲವೆಂದು ಧಣಿಗಳಿಗೆ ಯಾರೋ ಹೇಳಿರಬೇಕು ಎಂದು ನಾನು ಅವನನ್ನು ಛೇಡಿಸಿದೆ. ಲೋಕಲ್ ಗಾಡಿಯ ಗದ್ದಲದಲ್ಲಿ ಬೋರ್ಡು ಮುರಿದೀತೆಂದು ಅದನ್ನು ಧಣಿಗಳ ಹತ್ತಿರವೇ ಬಿಟ್ಟೆವು. ಅವರು ಅದನ್ನು ಎರಡು ಕೈಯಿಂದ ಇಸಿದುಕೊಂಡರು.

ಭಾನುವಾರ ಬೆಳಿಗ್ಗೆ ನಾವು ಮೂವರೂ ದಹಿಸರಿಗೆ ಹೊರಟೆವು. ಅವ್ವನ ಕೈಯಲ್ಲಿ ಬುತ್ತಿ, ಗೋಡೆಯಿಂದ ಕಳಚಿದ ನಮ್ಮ ಮನೆಯ ದೊಡ್ಡ ಕನ್ನಡಿ, ಮುಖಕ್ಕೆ ಬಳಿಯಲು ಅಕ್ಕಿ ಹಿಟ್ಟು. ನನ್ನ ಚೀಲದಲ್ಲಿ ಬಿಳಿ ಚಾದರ, ಕಾಡಿಗೆ, ಭರತನಾಟ್ಯ ಕಲಿಯುವ ಗೆಳತಿಯಿಂದ ತಂದ ಗೆಜ್ಜೆ. ಬಾಂದ್ರಾದಲ್ಲಿ ಗಾಡಿ ಸ್ವಲ್ಪ ಖಾಲಿಯಾಯಿತು. ಸೀಟು ಸಿಕ್ಕ ಕೂಡಲೇ ಮೈಸೂರಿನವನು ಗೆಜ್ಜೆ ನೋಡಿ ಕೇಳಿದ: "ಶಬ್ದನೇ ಬರದ ಚಿತ್ರಕ್ಕೆ ಗೆಜ್ಜೆ ಯಾಕ್ರೀ?"

"ಗೆಜ್ಜಿ ಇಲ್ಲಂದ್ರ ನನಗ ದೆವ್ವದ ನಡಿಗಿ ಬರಂಗಿಲ್ಲ. ನೀ ನಿನ್ನ ಪೆಟಗಿ ನೋಡಕೋ."

ಆಗಿನ ದಹಿಸರ್ ಎಂದರೆ ಹಳ್ಳಿಯೇ. ಸ್ಟೇಷನ್ನಿನಿಂದ ಹೊಲದ ಬದುವಿನ ಮೇಲೆ ನಡೆದು ಮನೆ ಮುಟ್ಟಿದಾಗ ನಾನು ಬೆರಗಾಗಿ ನಿಂತೆ. ಅಂಗಳಕ್ಕೆ ಸಗಣಿ ಸಾರಿಸಿತ್ತು. ಎಳೆಯ ತೆಂಗಿನ ಗರಿಯನ್ನು ಸೀಳಿ ಸುತ್ತ ತೋರಣ ಕಟ್ಟಿದ್ದರು. ಒಂದು ಮಣೆಯ ಮೇಲೆ ದೀಪ, ಅಡಿಕೆಯ ಹಿಂಗಾರ, ಎಳನೀರು. ಹೋಟೆಲಿನ ಹುಡುಗರೆಲ್ಲ ಮಿಂದು ಬಿಳಿ ಪಂಚೆ ಉಟ್ಟು ಸಾಲಾಗಿ ನಿಂತಿದ್ದರು. ಬಾಗಿಲ ಚೌಕಟ್ಟಿಗೆ ನಮ್ಮ ಬೋರ್ಡನ್ನು ಒರಗಿಸಿ ಅದಕ್ಕೊಂದು ಸೇವಂತಿಗೆ ಹಾರ ಹಾಕಿದ್ದರು.

"ನೋಡಲಾ, ಧಣಿಗಳು ಸೆಟ್ ಹಾಕಿಸ್ಯಾರ!" ಎಂದು ಕೂಗಿದೆ. ನನಗೆ ಕುಣಿಯುವಂತಾಗಿತ್ತು.

"ದೆವ್ವದ ಮನೆ ಇಷ್ಟು ಚೊಕ್ಕಟವಾಗಿದ್ರೆ ಹೆದರಿಕೆ ಹೇಗ್ರೀ ಆಗತ್ತೆ?" ಎಂದು ಅವನು ಗೊಣಗಿದ. ಅಂಗಳ ತೆಗೆಯುವುದು ಬೇಡ, ಒಳಗೆ ಮೆಟ್ಟಿಲಷ್ಟೇ ಸಾಕು ಎಂದು ನಾನು ತೀರ್ಮಾನಿಸಿದೆ.

ಧಣಿಗಳ ತಾಯಿ ಪಡಸಾಲೆಯಲ್ಲಿ, ಪೆಟ್ಟಿಗೆಯ ಮಡಿಕೆ ಇನ್ನೂ ಬಿಡದ ಸೀರೆ ಉಟ್ಟು ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. "ಭೂತ ಕಟ್ಟುವವರು ಬಂದ್ರಾ ಮಗಾ?"

"ನಾನ ರೀ ಅಜ್ಜಿ ಭೂತ," ಎಂದೆ.

ಚೇಷ್ಟೆ ಎಂದುಕೊಂಡು ಅವರು ನಕ್ಕರು. "ಇಲ್ಲಿಗೆ ಬಂದ ಮೇಲೆ ಅದರ ಕಾಲಿನ ಗಗ್ಗರದ ಶಬ್ದ ನಾನು ಕೇಳ್ಲೇ ಇಲ್ಲ. ಒಂದು ಮಾತು ಕೇಳ್ಲಿಕ್ಕುಂಟು ನನಗೆ."

"ಯಾರಿಗಿ ಕೇಳೋದು?"

"ಅದಕ್ಕೇ."

ಹೆಚ್ಚು ವಿಚಾರಿಸಲು ನನಗೆಲ್ಲಿ ಪುರುಸೊತ್ತು? ಹೆಂಚಿನ ನಡುವೆ ಕೂಡಿಸಿದ್ದ ಗಾಜಿನಿಂದ ಬಿಸಿಲು ಬೀಳುತ್ತಿತ್ತು, ಅದು ಸರಿದುಹೋಗುವುದರೊಳಗೆ ಕೆಲಸ ಮುಗಿಯಬೇಕಿತ್ತು. ಮೈಸೂರಿನವನು ಕೀಲಿ ತಿರುವಿದ. ಮೊದಲು ಬಾಗಿಲು. ಅದು ಕಿರುಗುಟ್ಟಿದ ಚಂದಕ್ಕೆ ಮಾತಿನ ಕ್ಯಾಮೆರಾ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ಮೆಟ್ಟಿಲ ಮೇಲೆ ನನ್ನ ಪಾದ. ಆಮೇಲೆ ಕಂಬದ ಹಿಂದಿನಿಂದ ಮೆಲ್ಲಗೆ ಬರುವ ಕೈ. ಒಂದೊಂದು ತುಂಡು ಮುಗಿದಾಗಲೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹಲ್ಲು ಕಿಸಿಯುತ್ತಿದ್ದೆವು. ಸಿನಿಮಾ ತೆಗೆಯುತ್ತಿದ್ದೇವೆ! ನಾವು! ಹೆದರುವವಳ ಪಾತ್ರ ಅವ್ವನದು. ಆದರೆ ಅವಳು ನನ್ನ ಹಿಟ್ಟು ಮೆತ್ತಿದ ಮುಖ ಕಂಡೊಡನೆ ಕಿಸಕ್ಕೆಂದು ನಗುತ್ತಿದ್ದಳು. "ಎಷ್ಟಂದ್ರೂ ನನ್ನ ಮಗಳಲಾ, ಹೆಂಗ ಹೆದರಲಿ?" ಎನ್ನುತ್ತಿದ್ದಳು. ಅವಳ ನಗುವಿಗೇ ಸಾಕಷ್ಟು ರೀಲು ಹೋಯಿತು. ಕೊನೆಗೆ ಸಿಟ್ಟು ಬಂದು, ನೀ ಅಂಗಳದಾಗ ನಿಂತು ಕನ್ನಡಿ ಹಿಡಿ ಎಂದು ಹೊರಗೆ ಅಟ್ಟಿದೆ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಿಟಕಿಯೊಳಗಿಂದ ನನ್ನ ಮುಖಕ್ಕೆ ಬಿಡುವ ಕೆಲಸ. ಅದನ್ನು ಮಾತ್ರ ಚೆನ್ನಾಗಿ ಮಾಡಿದಳು.

ಉಳಿದದ್ದು ಅಟ್ಟದಿಂದ ಭೂತ ಇಳಿಯುವ ದೃಶ್ಯ, ಅದಾದ ಮೇಲೆ ಬೋರ್ಡು. ಎರಡನೇ ಸಲ ತೆಗೆಯುವಷ್ಟು ರೀಲು ಇರಲಿಲ್ಲ. ನಾನು ಗೆಜ್ಜೆ ಕಟ್ಟಿಕೊಂಡು, ಕೂದಲು ಬಿಚ್ಚಿ, ಚಾದರ ಹೊದ್ದು ಅಟ್ಟದ ಕತ್ತಲಲ್ಲಿ ನಿಂತೆ. ಕೆಳಗಿನಿಂದ "ಹ್ಞೂ, ಬನ್ನಿ!" ಎಂದು ಕೂಗು ಬಂತು. ಒಂದೊಂದೇ ಮೆಟ್ಟಿಲು ಕಾಲು ಅಪ್ಪಳಿಸಿ ಇಳಿದೆ. ಝಲ್, ಝಲ್. ಕನ್ನಡಿಯ ಬೆಳಕು ಬಂದು ಮುಖಕ್ಕೆ ಹೊಡೆಯಿತು. ಕೈ ಚಾಚಿ, ಬಾಯಿ ತೆರೆದು, ಇನ್ನೇನು ಗರ್ಜಿಸಬೇಕು, ನೋಡುತ್ತೇನೆ: ಮೆಟ್ಟಿಲ ಬುಡದಲ್ಲಿ ಅಜ್ಜಿ ನಿಂತಿದ್ದಾರೆ.

ಗೆಜ್ಜೆಯ ಸದ್ದು ಕೇಳಿ ಪಡಸಾಲೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಂದಿದ್ದರು. ಎರಡೂ ಕೈ ಜೋಡಿಸಿದ್ದರು. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ, ಬೆಳಕಲ್ಲಿ ಹೊಳೆಯುವ ಒಂದು ಆಕಾರ ಇಳಿದು ಬರುವುದು ಕಂಡಿರಬೇಕು. ಆ ಮುಖದಲ್ಲಿ ಹೆದರಿಕೆ ಇತ್ತು, ಆದರೆ ನಾನು ಹುಟ್ಟಿಸಬೇಕೆಂದಿದ್ದ ಹೆದರಿಕೆ ಅದಲ್ಲ. ಎಷ್ಟೋ ಕಾಲದಿಂದ ಕಾಯುತ್ತಿದ್ದವರು ಕೊನೆಗೂ ಬಂದಾಗ, ಅವರು ಏನನ್ನುವರೋ ಎಂಬ ಹೆದರಿಕೆ. ತುಳುವಿನಲ್ಲಿ ಕೇಳಿದರು: "ಸ್ವಾಮೀ, ಎಂಕ್ಲೆನ ಮಿತ್ತ್ ಕೋಪ ಉಂಡಾ?"

ನನಗೆ ತುಳು ಬಾರದು. ಕೋಪ ಎಂಬ ಒಂದು ಮಾತು ತಿಳಿಯಿತು, ಉಳಿದದ್ದನ್ನು ಮುಖವೇ ಹೇಳಿತು. ನನ್ನ ಮೇಲೆ ಸಿಟ್ಟಾಗಿದ್ದೀಯಾ ಎಂದು ಯಾರಾದರೂ ಹಾಗೆ ಕೇಳಿದರೆ ಯಾರು ತಾನೆ ಗರ್ಜಿಸಿಯಾರು? ಚಾಚಿದ ಕೈ ಚಾಚಿದಂತೆಯೇ ಇತ್ತು, ಬಾಯಿಂದ ತಾನಾಗಿ ಹೊರಬಿತ್ತು: "ಇಲ್ಲವ್ವಾ, ಸಿಟ್ಟಿಲ್ಲ. ಖರೇನ ಸಿಟ್ಟಿಲ್ಲ."

ಕ್ಯಾಮೆರಾದ ಕೀಲಿ ಮುಗಿದು ಟಕ್ ಎಂದು ನಿಂತಿತು. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನೇ ದಿಟ್ಟಿಸಿದರು. ಕೈ ಮೆಲ್ಲಗೆ ಕೆಳಗಿಳಿಯಿತು.

"ನಮ್ಮ ಭೂತಕ್ಕೆ ಧಾರವಾಡದ ಮಾತು ಬರುದಿಲ್ಲ ಮಗಾ," ಎಂದರು.

ಆಮೇಲೆ ನಕ್ಕರು. ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಒರೆಸಿಕೊಂಡದ್ದು ನಗುವಿನ ನೀರೊಂದನ್ನೇ ಅಲ್ಲ ಎಂದು ನನಗೆ ಅನಿಸಿತು.

ಅಂಗಳದಲ್ಲಿದ್ದ ಧಣಿಗಳು ಒಳಗೆ ಬಂದು ನನ್ನ ಅವತಾರ ನೋಡಿದರು. ಮುಖ ಕೆಂಪಾಯಿತು. "ಇದಾ ನಿಮ್ಮ ಭೂತ? ಇದಕ್ಕಾ ನಾನು ಅಂಗಳ ಸಾರಿಸಿದ್ದು? ಇದಕ್ಕೆ ನಮ್ಮಲ್ಲಿ ಕುಲೆ ಅಂತ ಹೇಳ್ತಾರೆ. ಸತ್ತವರದ್ದು. ಭೂತ ಅಂದ್ರೆ ದೈವ, ಮಾರಾಯ್ತಿ! ನಮ್ಮನ್ನು ಕಾಯುವಂಥದ್ದು! ನಿಮ್ಮ ಊರಲ್ಲಿ ದೇವರ ವೇಷ ಹಾಕಿ ಮಕ್ಕಳನ್ನು ಹೆದರಿಸ್ತಾರಾ?" ನಾವು ಭೂತದ ಕೋಲವನ್ನೇ, ಭೂತ ಕಟ್ಟಿದವನ ಮೈಮೇಲೆ ದೈವ ಬಂದು ಕುಣಿದು ನುಡಿ ಕೊಡುವ ಸೇವೆಯನ್ನೇ, ಸಿನಿಮಾ ತೆಗೆಯಲು ಬಂದವರು ಎಂದುಕೊಂಡು ಅವರು ಹೋಟೆಲಿಗೆ ರಜೆ ಕೊಟ್ಟಿದ್ದರು. ಆ ರೀಲನ್ನು ಈಗಿಂದೀಗಲೇ ಬಿಸಿಲಿಗೆ ಬಿಚ್ಚಿ ಹಾಳುಮಾಡಬೇಕು ಎಂದರು. ಮೈಸೂರಿನವನು ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿದ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದು, ಅಳುತ್ತಲೇ ಜಗಳಕ್ಕೆ ನಿಂತೆ. ಕಣ್ಣೀರಿಗೆ ಹಿಟ್ಟೂ ಕಾಡಿಗೆಯೂ ಕಲಸಿ ಮುಖ ಈಗ ನಿಜವಾಗಿಯೂ ಭಯಂಕರವಾಗಿತ್ತು ಎಂದು ಅವ್ವ ಆಮೇಲೆ ಹೇಳಿದಳು.

ಮಧ್ಯೆ ಬಂದವರು ಅಜ್ಜಿಯೇ. "ಆ ಪೆಟ್ಟಿಗೆಯಲ್ಲಿ ನಾನು ಬಂದೆನಾ?" ಎಂದು ಕೇಳಿದರು.

"ಬಂದ್ರಿ ಅಜ್ಜಿ. ಪೂರ್ತಿ ಬಂದ್ರಿ," ಎಂದ ಮೈಸೂರಿನವನು. ಅವನ ಕ್ಯಾಮೆರಾ ನನ್ನನ್ನು ಬಿಟ್ಟು ಅವರ ಮುಖಕ್ಕೆ ತಿರುಗಿದ್ದು ನನಗೆ ತಿಳಿದದ್ದೇ ಆಗ.

"ಹಾಗಾದ್ರೆ ಹಾಳು ಮಾಡುದು ಬೇಡ. ನನಗೂ ತೋರಿಸಿ. ಹೆಸರು ಮಾತ್ರ ಬದಲಿಸಿ." ಅಷ್ಟು ಹೇಳಿ ಎಲೆ ಹಾಕಲು ಅಪ್ಪಣೆ ಕೊಟ್ಟರು. ಭೂತಕ್ಕೆಂದು ಮಾಡಿದ ಅಡಿಗೆಯನ್ನು ದೆವ್ವಗಳು ಉಂಡೆವು. ಊಟವಾದ ಮೇಲೆ ಬೋರ್ಡಿನ ಮೇಲೆ ಭೂತದ ಜಾಗಕ್ಕೆ ಕಾಗದ ಅಂಟಿಸಿ ದೆವ್ವ ಎಂದು ಬರೆದು, ರೀಲಿನ ಕೊನೆಯ ತುಂಡಿನಲ್ಲಿ ಅದನ್ನು ಹಿಡಿದೆವು. ನಾನು ಮೊದಲೇ ಹೇಳಿದ್ದ ಹೆಸರು ಅದು ಎಂದು ಸ್ಟೇಷನ್ನಿನ ತನಕ ಅವನಿಗೆ ಹೇಳುತ್ತಲೇ ಬಂದೆ.

ಗ್ಯಾದರಿಂಗಿನ ಸಂಜೆ ಕಾಲೇಜಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಧಣಿಗಳು ತಾಯಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಬಿಳಿ ಪರದೆಯ ಪಕ್ಕದಲ್ಲಿ ನಾನು, ಕೈಯಲ್ಲಿ ಗೆಜ್ಜೆ, ಕಾಲ ಬಳಿ ತಗಡು. ದೀಪ ಆರಿತು. ಬಾಗಿಲು ತೆರೆಯಿತು, ನಾನು ತಗಡು ಅಲುಗಿಸಿದೆ. ಪಾದ ಇಳಿಯಿತು, ಗೆಜ್ಜೆ ಕುಟ್ಟಿದೆ. ಕಂಬದ ಹಿಂದಿನಿಂದ ಕೈ ಬಂದಾಗ, ಇಷ್ಟು ದಿನ ಚಾಳಿನವರನ್ನು ಗೋಳಾಡಿಸಿ ಕಲಿತ ಚೀತ್ಕಾರವನ್ನು ಪೂರ್ತಿ ಬಿಟ್ಟೆ. ಹಾಲಿಗೆ ಹಾಲೇ ಚೀರಿತು! ಎರಡು ಕುರ್ಚಿ ಮಗುಚಿ ಬಿದ್ದವು. ಹಿಂದಿನ ಬೆಂಚಿನವನು ಪಕ್ಕದವನ ತೊಡೆಯ ಮೇಲೆ ಏರಿ ಕೂತಿದ್ದ ಎಂದು ಕಣ್ಣಾರೆ ಕಂಡವರು ಹೇಳಿದರು. ಆ ಗಳಿಗೆಯಲ್ಲಿ ನನ್ನನ್ನು ಯಾರಾದರೂ ಮುಂಬಯಿಯ ರಾಣಿ ಎಂದಿದ್ದರೆ ಹೌದು ಎನ್ನುತ್ತಿದ್ದೆ.

ಆಮೇಲೆ ಅಟ್ಟದ ದೃಶ್ಯ. ನಾನು ಗೆಜ್ಜೆ ಅಲುಗಿಸುತ್ತ ಪರದೆಯನ್ನು ಓರೆಯಿಂದ ನೋಡಿದೆ. ದೆವ್ವ ಇಳಿಯಿತು. ಚಿತ್ರ ಸರಕ್ಕನೆ ತಿರುಗಿ ಅಜ್ಜಿಯ ಮುಖಕ್ಕೆ ಬಂತು, ಪರದೆಯ ತುಂಬ ಅದೇ ಮುಖ, ಜೋಡಿಸಿದ ಕೈ, ಅಲುಗುವ ತುಟಿ. ನಾನು ಇಲ್ಲಿ ಇನ್ನೊಮ್ಮೆ ಚೀರಬೇಕಿತ್ತು, ಚೀರಲಿಲ್ಲ. ಚೀರುತ್ತಿದ್ದ ಹಾಲು ಸ್ತಬ್ಧವಾಗಿತ್ತು. ಅವರು ಏನು ಕೇಳುತ್ತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ, ಏನೋ ಕೇಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಮುಂದಿನ ಸಾಲಿನಲ್ಲಿ, ಪೊರೆಯ ಕಣ್ಣಿಗೆ ಪರದೆ ಸರಿಯಾಗಿ ಕಾಣದ ಅಜ್ಜಿ, ಗೆಜ್ಜೆಯ ಸದ್ದು ಕೇಳಿ ತಮಗರಿವಿಲ್ಲದೆ ಮತ್ತೆ ಕೈ ಜೋಡಿಸಿದ್ದರು. ಧಣಿಗಳು ಪರದೆಯನ್ನೊಮ್ಮೆ, ಪಕ್ಕದ ಕುರ್ಚಿಯನ್ನೊಮ್ಮೆ ನೋಡಿದರು. ಬೋರ್ಡು ಬಂತು, ಚಪ್ಪಾಳೆ ಬಿತ್ತು, ದೀಪ ಹತ್ತಿತು. ಅವರು ಇನ್ನೂ ತಾಯಿಯನ್ನೇ ನೋಡುತ್ತಿದ್ದರು.

ಜನ ಕರಗಿದ ಮೇಲೆ ಅವರು ನನ್ನ ಬಳಿ ಬಂದರು. "ಅಮ್ಮ ಅಲ್ಲಿ ಏನು ಕೇಳಿದ್ದು?" ಆ ಹೊತ್ತಿಗೆ ಅವರು ಅಂಗಳದಲ್ಲಿದ್ದರು, ಮಾತು ಕೇಳಿರಲಿಲ್ಲ. ನಾನು ಕಿವಿಯಲ್ಲಿ ಉಳಿದದ್ದನ್ನು ಉಳಿದಂತೆ ಹೇಳಿದೆ. ಧಣಿಗಳು ಹತ್ತಿರದ ಕುರ್ಚಿಯ ಮೇಲೆ ಕೂತುಬಿಟ್ಟರು. "ಊರಿನ ಮನೆಗೆ ಬೀಗ ಹಾಕಿ ಅವರನ್ನು ಕರ್ಕೊಂಡು ಬಂದವ ನಾನು," ಎಂದರು. "ದೈವಕ್ಕೆ ದೀಪ ಇಡುವವರಿಲ್ಲ. ಪ್ರತಿ ವರ್ಷ ಒಮ್ಮೆ ಹೋಗಿ ಬರುವ ಅಂತಾರೆ, ಹೋಟೆಲು ಯಾರು ನೋಡುದು ಅಂತ ನಾನು ಹೇಳುದು. ಕೋಪ ಉಂಟಾ ಅಂತ ಇವರಿಗೆ ಇಷ್ಟು ಹೆದರಿಕೆ ಉಂಟು ಅಂತ ನನಗೆ ಗೊತ್ತಿರ್ಲಿಲ್ಲ."

ಅದೇ ತಿಂಗಳು ಗಲ್ಲೆಯ ಮೇಲೆ ಅವರ ಅಳಿಯ ಕೂತಿದ್ದ. ಧಣಿಗಳು ತಾಯಿಯನ್ನು ಕರೆದುಕೊಂಡು ಸ್ಟೀಮರಿನಲ್ಲಿ ಊರಿಗೆ ಹೋಗಿದ್ದರು, ಮನೆಯ ಭೂತಕ್ಕೆ ಕೋಲ ಕೊಡಲು. ನಮ್ಮ ಟ್ರೇಲರ್ ನೋಡಿದವರೆಲ್ಲ ಪೂರ್ತಿ ಪಿಕ್ಚರ್ ಯಾವಾಗ ಎಂದು ಕೇಳಿದ್ದೇ ಕೇಳಿದ್ದು. ನಾವು ಶೀಘ್ರದಲ್ಲಿ ಎಂದು ಹೇಳಿದ್ದೇ ಹೇಳಿದ್ದು. ಆ ಪಿಕ್ಚರ್ ಬರಲೇ ಇಲ್ಲ.

ಧಣಿಗಳೂ ಅಜ್ಜಿಯೂ ಊರಿನಿಂದ ಮರಳಿ ಬಂದ ಸುದ್ದಿ ತಿಳಿದ ಭಾನುವಾರವೇ ಅವ್ವನನ್ನು ಎಳೆದುಕೊಂಡು ದಹಿಸರಿಗೆ ಓಡಿದೆ. ಅಜ್ಜಿ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ದನಿ ಕೇಳಿ ಗುರುತು ಹಿಡಿದು, ಹತ್ತಿರ ಕೂಡಿಸಿಕೊಂಡು, ಬಾಳೆಲೆಯ ತುಂಡಿನಲ್ಲಿದ್ದ ಗಂಧ ಪ್ರಸಾದವನ್ನು ಹಣೆಗೆ ಹಚ್ಚಿದರು. ನನಗೆ ತಡೆಯಲಾಗಲಿಲ್ಲ.

"ಕೇಳಿದ್ರೇನ್ರೀ ಅಜ್ಜಿ? ಭೂತ ಏನಂತು?"

"ನೀನು ಹೇಳಿದ್ದನ್ನೇ ಹೇಳಿತು ಮಗಾ," ಎಂದರು. "ಆದ್ರೆ ತುಳುವಿನಲ್ಲಿ."